ಕಾಲು ಕಿಲೋ

ಆಯನೂರು ಸಂತೆಯಲ್ಲಿ ಒಣಮೀನು ಮಾರುವ ಗುತ್ಯಮ್ಮನ ತಕ್ಕಡಿಗೆ
ಒಂದು ಕಿಲೋ ಕಬ್ಬಿಣದ್ದು, ಅರ್ಧ ಕಿಲೋ ಕಬ್ಬಿಣದ್ದು,
ಕಾಲು ಕಿಲೋ ಮಾತ್ರ ಒಂದು ಕಲ್ಲು.
ಕರೀ ಕಲ್ಲು. ನಿಂಬೆಹಣ್ಣಿನಷ್ಟಿದೆ, ಅಷ್ಟೆ.

‘ಇಷ್ಟಕ್ಕೆ ಕಾಲು ಕಿಲೋನಾ?’ ಎಂದು ಜಗಳಕ್ಕೆ ನಿಂತವರ ಅಂಗೈಗೆ
ಮಾತಿಲ್ಲದೆ ಅದನ್ನೇ ಇಡುತ್ತಾಳೆ.
ಕೈ ಕೆಳಗಿಳಿಯುತ್ತದೆ.
ದನಿಯೂ.

ನನ್ನ ಅಂಗೈಗೂ ಇಟ್ಟಳು.
ಹದಿನೆಂಟು ವರ್ಷ ಕಲ್ಲು ಎತ್ತಿದ ಕೈ ಇದು,
ಗ್ರಾನೈಟಿನ ಭಾರವನ್ನು ನಿದ್ದೆಯಲ್ಲೂ ಹೇಳೀತು;
ಇದು ಅದರ ಇಮ್ಮಡಿಗೂ ಮೇಲೆ.
ಹಂಚಿನ ಚೂರಿಗೆ ಉಜ್ಜಿದೆ. ಕಂದುಗಪ್ಪು ಗೀರು.
ಬಂಗಡೆಯ ವಾಸನೆಯ ನಡುವೆ ಎದೆ ಡವಗುಟ್ಟಿತು.

‘ಎಲ್ಲಿಂದು?’
‘ಮಾವ ಬಾವಿ ತೋಡಿದ್ರಲ್ಲ, ಬಿಳಿಕಲ್ ಹಕ್ಕಲಾಗೆ.
ಮೂವತ್ತಡಿ ಹೋದ್ರೂ ನೀರು ಬರ್ಲಿಲ್ಲ ಕಣ್ರಿ.
ಇದು ಬಂತು.’

ಸಂತೆ ಕರಗಿದ ಮೇಲೆ ಉಳಿಯುವುದರ ಕತೆ ಇದು, ಗುತ್ಯಮ್ಮ.
ಮುನ್ನೂರು ಕೋಟಿ ವರ್ಷದ ಹಿಂದೆ ಈ ನೆಲದಡಿ
ಕುದಿಯುತ್ತಿತ್ತು ಕಲ್ಲಿನ ಅಂಬಲಿ.
ಆರುತ್ತ ಆರುತ್ತ ಹರಳು ಕಟ್ಟಿತು. ಒಂದೊಂದು ಹರಳೂ
ತನಗೆ ಹೊಂದುವವರನ್ನು ಒಳಕ್ಕೆ ಕರೆಯಿತು:
ಕಬ್ಬಿಣವೇ ಬಾ, ಸುಣ್ಣವೇ ಬಾ.
ಕೆಲವರಿಗೆ ಯಾರ ಮನೆಯಲ್ಲೂ ಜಾಗವಾಗಲಿಲ್ಲ.
ಲಿಥಿಯಂ ತೀರಾ ಸಣ್ಣ, ಸೀಸಿಯಂ ತೀರಾ ದಪ್ಪ,
ಟ್ಯಾಂಟಲಂ ಯಾರ ಜೊತೆಗೂ ಲೆಕ್ಕ ಹೊಂದದ್ದು.
ಎಲ್ಲ ಬಾಗಿಲೂ ಮುಚ್ಚಿದ ಮೇಲೆ
ತಳದಲ್ಲಿ ಉಳಿದ ಕಡೆಯ ಚೊಂಬು ರಸದಲ್ಲಿ ಕೂಡಿ,
ಬಿರುಕು ಸಿಕ್ಕಲ್ಲಿ ನುಗ್ಗಿ,
ಅಲ್ಲಿ, ಅವಸರವಿಲ್ಲದೆ, ತಾವೇ ಹರಳಾದವು.

ಇಷ್ಟನ್ನೂ ಹೇಳಿದೆನೇ? ಇಲ್ಲ.
‘ಒಂದು ವಾರಕ್ಕೆ ಕೊಡಿ’ ಎಂದೆ.

ಮೈದುನ ತಿಪ್ಪೇಶಿ ಹಗ್ಗ ಹಿಡಿದ. ಇಳಿದೆ.
ಗೋಡೆ ತುಂಬ ಹುಚ್ಚರಾಯಪ್ಪನ ಉಳಿಯ ಗುರುತು,
ಒಂದರ ಪಕ್ಕ ಒಂದು, ಎಡಗೈಯವನಿರಬೇಕು.
ಇಪ್ಪತ್ತಡಿಗೆ ಬೂದುಕಲ್ಲು ನಿಂತು ಬಿಳಿ ಪಟ್ಟೆ ಶುರು:
ಹಲ್ಲಿನಂಥ ಬೆಣಚು, ಮಾಂಸದ ಬಣ್ಣದ ಕಲ್ಲು,
ಕಾಗೆಬಂಗಾರ, ಓದಿ ಮಡಿಸಿಟ್ಟ ಹಾಗೆ ಹಾಳೆ ಹಾಳೆ.
ಟಾರ್ಚಿಗೆ ಬಾವಿ ಇಡೀ ಮಿನುಗಿತು.
ತಳದಲ್ಲಿ ಒಡೆದ ಕೊಡಪಾನ, ಅದರೊಳಗೊಂದು ಕಪ್ಪೆ.

ಕತ್ತಿನ ಮಟ್ಟ ನೀರಲ್ಲಿ ನಿಂತೂ ಕುಡಿಯಲಾರದೆ ಹೋದವನ
ದೂರದ ಯಾವುದೋ ಕತೆಯಿಂದ ಈ ಲೋಹಕ್ಕೆ ಹೆಸರಿಟ್ಟರಂತೆ.
ಬಾಯಾರಿದ ಬಾವಿಯಲ್ಲಿ ನಿಂತು ಅದು ನೆನಪಾಯಿತು.
‘ಏನಾರ ಐತಾ?’ ಮೇಲಿಂದ ತಿಪ್ಪೇಶಿ.
ಅಳತೆಪಟ್ಟಿ ಹಿಡಿದೆ. ಎರಡು ಗೇಣು ಅಗಲ.
ಅತ್ತ ನಾಲ್ಕು ಮಾರು ಹೋಗಿ ಬೂದುಕಲ್ಲಲ್ಲಿ ಸಾಯುತ್ತದೆ.
‘ಐತಿ’ ಎಂದೆ. ‘ಗಣಿಗೆ ಸಾಲದು’ ಎಂದು ಬರೆದುಕೊಂಡೆ.

ಮುಂದಿನ ಸಂತೆ. ಕಲ್ಲು ಹಿಂದಕ್ಕೆ ಕೊಟ್ಟೆ.
ಆ ವಾರ ಗಿರಾಕಿಗಳಿಗೆ ಅರ್ಧ ಕಿಲೋ ತೂಗಿ
ಕಣ್ಣಂದಾಜಿಗೆ ಎರಡು ಪಾಲು ಮಾಡಿದ್ದಳಂತೆ.
ಪ್ರಯೋಗಾಲಯ ಹೇಳಿದ್ದರಲ್ಲಿ ಒಂದನ್ನಷ್ಟೆ ಹೇಳಿದೆ:
‘ಇದು ಕಾಲು ಕಿಲೋ ಅಲ್ಲಮ್ಮ. ಇನ್ನೂರ ಅರವತ್ತೊಂದು ಗ್ರಾಂ.
ಪ್ರತಿ ಸಲ ಹನ್ನೊಂದು ಗ್ರಾಂ ಜಾಸ್ತಿ ಕೊಟ್ಟಿದೀರಿ.’

ಬೆರಳು ಮಡಿಸಿದಳು, ವರ್ಷ ಎಣಿಸಿದಳೋ, ಮೀನೋ.
ಆಮೇಲೆ ಸೆರಗಲ್ಲಿ ಕಲ್ಲು ಒರೆಸಿ ತಟ್ಟೆಗಿಟ್ಟಳು.
‘ಮಾವ ಕೊಟ್ಟಿದ್ದು. ಅದನ್ನ ಕೆತ್ತೋಕಾಗ್ತದಾ?
ನಿಮಗೆಷ್ಟು ಹಾಕ್ಲಿ?’

‘ಕಾಲು ಕಿಲೋ ಸಿಗಡಿ’ ಎಂದೆ.
ಮುನ್ನೂರು ಕೋಟಿ ವರ್ಷ ಒಂದು ಕಡೆ,
ಇನ್ನೊಂದು ಕಡೆ ಒಂದು ಹಿಡಿ ಸಿಗಡಿ.
ಮುಳ್ಳು ನೆಟ್ಟಗಾಗುವ ತನಕ
ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು.